ಸೆಕೆಂಡ್ ಹ್ಯಾಂಡ್ ಲೆನ್ಸ್ ಬೆಲೆ ಇಳಿದ ಕೂಡ್ಲೆ ಗೊತ್ತಾಗ್ಲಿಕ್ಕೆ

ಎಲ್ರಿಗೂ ನಮಸ್ಕಾರ. ತುಲಾ ತಿಂಗಳ 10 (ಅಕ್ಟೋಬರ್ ಕೊನೆಗೆ) ಕಳೆದ್ರೆ ತೆಯ್ಯಂ (ದೈವದ ಕುಣಿತ) ಸೀಸನ್ ಶುರು, ರಾತ್ರಿ ಸೂಟೆ (ಪಂಜು) ಬೆಳಕಲ್ಲಿ ಫೋಟೋ ತೆಗೀಲಿಕ್ಕೆ ಜಾಸ್ತಿ ಬೆಳಕು ಒಳಗೆ ಬಿಡುವ ಎಫ್ 1.8 ಅಥವಾ 2.8 ಲೆನ್ಸ್ ಬೇಕು ಅಂತ ತುಂಬಾ ಜನ ಕೇಳ್ತಾ ಇದ್ದೀರಿ, ಸೆಕೆಂಡ್ ಹ್ಯಾಂಡ್ ಹುಡುಕುವವರು ಈ ಮೆಸೇಜ್ ಪೂರ್ತಿ ಓದಿ ಆಯ್ತಾ.

ಹೋದ ತಿಂಗಳು ನಂಗೆ ಬೇಕಿದ್ದ 85 ಎಂಎಂ ಲೆನ್ಸಿನ ಬೆಲೆ ಇಳಿದದ್ದು ಗೊತ್ತಾಗುವಾಗ ಮಾರಿ ಹೋಗಿ ಆಗಿತ್ತು, ತುಂಬಾ ಬೇಜಾರಾಯ್ತು. ನೋಟಿಫಿಕೇಶನ್ ಬಂದೇ ಇರ್ಲಿಲ್ಲ, ಫೋನಿನ ಬ್ಯಾಟರಿ ಸೇವರ್, ಅಲರ್ಟ್ ಕೊಡುವ ಆಪನ್ನು ಮಲಗಿಸಿತ್ತು. ಹಾಗಾಗಿ ಮೊದ್ಲು ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್‌ನ ಬ್ಯಾಟರಿ ‘ಅನ್‌ರಿಸ್ಟ್ರಿಕ್ಟೆಡ್’ (ತಡೆ ಇಲ್ಲದ ಹಾಗೆ) ಮಾಡಿ, ಇದು ಬಹಳ ಮುಖ್ಯ.

ಮತ್ತೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾಡೆಲ್ ಹೆಸರು ಸರಿಯಾಗಿ ಹಾಕಿ ಹುಡುಕಿ ಅಲರ್ಟ್ ಆನ್ ಮಾಡಿ, ಬರೀ ‘ಲೆನ್ಸ್’ ಅಂತ ಹಾಕಿದ್ರೆ ಬೇಡದ್ದೆಲ್ಲ ಬರ್ತದೆ. ಅಂಗಡಿಗಳ ವೆಬ್‌ಸೈಟಿಗೆ ಕಂಪ್ಯೂಟರ್ ಬ್ರೌಸರಲ್ಲಿ ಡಿಸ್ಟಿಲ್ (ಪೇಜ್ ಬದಲಾಗ್ತದಾ ಅಂತ ನೋಡ್ತಾ ಇರುವ) ಎಕ್ಸ್‌ಟೆನ್ಶನ್ ಹಾಕಿ, ಬೆಲೆ ಇರುವ ಜಾಗ ಮಾತ್ರ ಸೆಲೆಕ್ಟ್ ಮಾಡಿ, ಅದು ಬದಲಾದ್ರೆ ಹೇಳ್ತದೆ. ಕಂಪ್ಯೂಟರಲ್ಲೇ ಚೆಕ್ ಮಾಡುವ ಹಾಗೆ ಇಟ್ರೆ ಬ್ರೌಸರ್ ಓಪನ್ ಇರ್ಬೇಕು.

ಅಲರ್ಟ್ ಬಂತು ಅಂತ ಅವಸರದಲ್ಲಿ ಅಡ್ವಾನ್ಸ್ ಕಳಿಸ್ಬೇಡಿ ದಯವಿಟ್ಟು. ನಮ್ಮ ಕರಾವಳಿ ಮಳೆಗೆ ಲೆನ್ಸ್ ಒಳಗೆ ಫಂಗಸ್ ಬೇಗ ಹಿಡೀತದೆ, ಲೆನ್ಸ್ ಒಳಗೆ ಟಾರ್ಚ್ ಹಾಕಿದ ವಿಡಿಯೋ ಕೇಳಿ, ಕ್ಯಾಮೆರಾ ಬಾಡಿ ಆದ್ರೆ ಶಟರ್ ಕೌಂಟ್ (ಎಷ್ಟು ಫೋಟೋ ತೆಗೆದಿದೆ ಅಂತ) ಸಹ.

ಯಾರಿಗೆ ಯಾವ ಲೆನ್ಸ್, ಎಷ್ಟು ಬಜೆಟ್ ಅಂತ ಆದಿತ್ಯವಾರದ ಒಳಗೆ ಈ ಗ್ರೂಪಲ್ಲೇ ಹಾಕಿ, ಒಂದೇ ಪೀಸಿಗೆ ನಮ್ಮವರೇ ಇಬ್ರು ಹೋಗುವುದು ಬೇಡ. ಡಿಸ್ಟಿಲ್ ಹಾಕ್ಲಿಕ್ಕೆ ಗೊತ್ತಾಗದವರು ಹೇಳಿ, ಕಾಸರಗೋಡು ಪೇಟೆಯಲ್ಲಿ ಸಿಕ್ಕಿದಾಗ ಹಾಕಿ ಕೊಡ್ತೇನೆ.