ಫೈರ್‌ಪ್ಲೇಸ್ ಮೇಲಿನ ಅಲಂಕಾರ: ಶುರು ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್‌ಗೆ ಫೈರ್‌ಪ್ಲೇಸ್ ಮೇಲಿನ ಹಲಗೆ ಸಿಂಗರಿಸುವವರು ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಈ ಸಲ ಬೆಂಕಿ ಹಾಕುತ್ತೀರಾ, ಇಲ್ವಾ? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಹಾಕುವುದಾದರೆ ಹಸಿ ಪೈನ್ ಎಲೆಯ ತೋರಣ ಬೇಡ. ಬಿಸಿಗೆ ಬೇಗ ಒಣಗುತ್ತದೆ, ಆಮೇಲೆ ಒಂದು ಕಿಡಿ ಸಾಕು. ಹೊತ್ತಿಕೊಳ್ಳುವ ವಸ್ತು ಯಾವುದೇ ಇರಲಿ, ಬೆಂಕಿಯಿಂದ ಕನಿಷ್ಠ 3 ಅಡಿ ದೂರ ಇರಬೇಕು. ಅಂದರೆ ಹಲಗೆಗೆ ನೇತುಹಾಕಿದ ಕ್ರಿಸ್‌ಮಸ್ ಕಾಲುಚೀಲಗಳನ್ನು ಬೆಂಕಿ ಹಚ್ಚುವ ಮೊದಲು ತೆಗೆದಿಡಲೇಬೇಕು. ಕೆಳಗೆ ಬೆಂಕಿ, ಮೇಲೆ ಕಾಲುಚೀಲ ಇರುವುದೆಲ್ಲ ಫೋಟೋಗೆ ಮಾತ್ರ ಚೆಂದ! ಮೇಣದಬತ್ತಿ ಬದಲು ಬ್ಯಾಟರಿಯ ಎಲ್‌ಇಡಿ ದೀಪ ಇಡಿ. ವೈರು ಜೋತಾಡುವ ತಲೆನೋವೂ ಇರಲ್ಲ.

ಇನ್ನು ಜೋಡಿಸುವ ವಿಷಯ. ಎಲ್ಲವನ್ನೂ ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲಿಸಿದರೆ ಅಂಗಡಿಯ ಶೆಲ್ಫ್ ತರಹ ಕಾಣುತ್ತದೆ. ಎತ್ತರದ ವಸ್ತು ಒಂದು ಬದಿಗಿರಲಿ, ಗಿಡ್ಡವು ಅದರ ಮುಂದೆ ಸ್ವಲ್ಪ ಹಿಂದೆಮುಂದೆ ಇರಲಿ. ತೋರಣದ ಒಂದು ತುದಿ ಜಾಸ್ತಿ ಇಳಿಬಿದ್ದರೆ ಇನ್ನೂ ಚೆನ್ನ. ಹಿಂದೆ ಕನ್ನಡಿ ಇಟ್ಟರೆ ದೀಪದ ಬೆಳಕು ಎರಡರಷ್ಟು ಕಾಣುತ್ತದೆ. ಬಣ್ಣ ಎರಡೋ ಮೂರೋ ಸಾಕು, ನನ್ನ ಪ್ರಕಾರ ಎರಡೇ ಲೇಸು.

ಕಾಲುಚೀಲದೊಳಗೆ ಉಡುಗೊರೆ ತುಂಬುವವರು ಗಮನಿಸಿ: ಹಗುರ ಕೊಕ್ಕೆ ಭಾರಕ್ಕೆ ಜಾರಿ ತಲೆ ಮೇಲೆ ಬೀಳಬಹುದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಗಟ್ಟಿಯಾಗಿ ಸ್ಕ್ರೂ ಹಾಕಿಬಿಡಿ.