ಭಾನುವಾರದ ಪ್ರಾಕ್ಟೀಸ್, ಮತ್ತೆ ಗಿಟಾರ್ ಟೋನ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ 3 ಗಂಟೆಗೆ ಬದಿಯಡ್ಕದಲ್ಲೇ ಸೇರೋಣ. ಮಳೆ ಇದ್ದರೆ ಪೆಡಲ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತನ್ನಿ.

ಎರಡು ದಿನದಿಂದ ನಮ್ಮ ಗುಂಪಿನಲ್ಲಿ ಒಬ್ಬೊಬ್ಬರ ಟೋನ್ ಬಗ್ಗೆ "ಇದು ನಿಜವಾದ ಮಾರ್ಷಲ್ ಥರ ಇಲ್ಲ" ಎಂಬ ಚರ್ಚೆ ಬಿಸಿಯಾಗಿದೆ. ಮಾರ್ಷಲ್ ಅಂದರೆ ಹೆಸರಾದ ಗಿಟಾರ್ ಆಂಪ್ (ಆಂಪ್ಲಿಫೈಯರ್) ಬ್ರ್ಯಾಂಡ್. ಅದರ ಕಥೆಯನ್ನೇ ನೋಡಿ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಹುಟ್ಟಿದ ಜೆಟಿಎಂ45 ಆಂಪ್, ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪಿನ ಸರ್ಕ್ಯೂಟ್ ನೋಡಿ ಮಾಡಿದ್ದು. ಬಾಸ್‌ಮನ್‌ಗೆ 10 ಇಂಚಿನ 4 ಸ್ಪೀಕರ್, ಮಾರ್ಷಲ್‌ನವರು ಹಾಕಿದ್ದು 12 ಇಂಚಿನವು. ಬಿಡಿಭಾಗಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಸಿಕ್ಕಿದವು. ಸೌಂಡ್ ಬೇರೆಯಾಯಿತು. ಆ ಬೇರೆಯಾದದ್ದನ್ನೇ ನಾವೀಗ ಅಸಲಿ ಅನ್ನುತ್ತೇವೆ, ಅಲ್ವಾ?

ಇನ್ನೊಂದು, ಮಾಡೆಲರ್‌ನಲ್ಲಿ (ಆಂಪ್‌ಗಳ ಸೌಂಡನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ) ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ಅನುಕರಣೆ) ಆನ್ ಮಾಡಿದರೆ ನಾವು ಕೇಳುವುದು ಎದುರು ಮೈಕ್ ಇಟ್ಟು ರೆಕಾರ್ಡ್ ಮಾಡಿದಂಥ ಆಂಪ್. ಕೋಣೆಯಲ್ಲಿ ಎದುರು ನಿಂತು ಕೇಳುವ ಆಂಪ್ ಅಲ್ಲ. ಹೋದ ವಾರ ನನ್ನ ಟೋನ್ ಕಿವಿಗೆ ಚುಚ್ಚುತ್ತಿತ್ತು. ಆಂಪ್ ಮುಟ್ಟಲಿಲ್ಲ. ಕ್ಯಾಬ್ ಸೆಟ್ಟಿಂಗ್‌ನಲ್ಲಿ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಸ್ವಲ್ಪ ಸರಿಸಿದೆ, ಅಷ್ಟೇ. ತೆಂಗಿನೆಣ್ಣೆ ಹಚ್ಚಿದಷ್ಟು ಮೆತ್ತಗಾಯಿತು! ಹಾಗಾದರೆ ಇವೆರಡರಲ್ಲಿ ಅಸಲಿ ಯಾವುದು?

ಹಳೇ ರೆಕಾರ್ಡಿನ ಟೋನ್ ಹಾಗೇ ಬೇಕೆಂದು ತಿಂಗಳುಗಟ್ಟಲೆ ಕೂರುವವರ ಮೇಲೆ ನನಗೆ ತುಂಬ ಗೌರವ ಇದೆ. ಕಿವಿ ಪಳಗುವುದೇ ಹಾಗೆ. ಆದರೆ ಹೊಸ ಹುಡುಗರಿಗೆ ಸುಮ್ನೆ "ತಪ್ಪು" ಅನ್ನಬೇಡಿ. "ಮಿಡ್ (ನಡುವಿನ ಸ್ವರಗಳು) ಕಡಿಮೆ", "ಗೇನ್ (ಸೌಂಡ್ ಒಡೆಯುವ ಮಟ್ಟ) ಜಾಸ್ತಿ" ಅಂತ ಬಿಡಿಸಿ ಹೇಳಿ.

ಭಾನುವಾರ ಎಲ್ಲರೂ ತಮಗೆ ಇಷ್ಟವಾದ 2 ಪ್ರೀಸೆಟ್ (ಉಳಿಸಿಟ್ಟ ಟೋನ್ ಸೆಟ್ಟಿಂಗ್) ತನ್ನಿ. ಹೆಸರು ಹೇಳದೆ ನುಡಿಸಿ ಕೇಳೋಣ.