ಹಳೆಯ ಚರ್ಚುಗಳ ಚಿತ್ರ: ಅಡಿಬರಹದ ಇಸವಿ ಯಾವುದರದ್ದು?

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ನಮ್ಮ ನಾಡಿನ ಹಳೆಯ ಚರ್ಚುಗಳ ಕಪ್ಪು-ಬಿಳುಪು ಚಿತ್ರಗಳು ಅಚ್ಚಾಗುತ್ತವೆ. ಚಿತ್ರಗಳ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವುಗಳ ಕೆಳಗಿನ ಒಂದೆರಡು ಸಾಲಿನ ಅಡಿಬರಹದ ಬಗ್ಗೆ. ಧರ್ಮಕೇಂದ್ರ ಸ್ಥಾಪನೆಯಾದ ಇಸವಿ, ಚಿತ್ರದಲ್ಲಿ ಕಾಣುವ ಕಟ್ಟಡ ಎದ್ದುನಿಂತ ಇಸವಿ ಮತ್ತು ಆ ಚಿತ್ರವನ್ನು ತೆಗೆದ ಇಸವಿ ಮೂರೂ ಬೇರೆ ಬೇರೆ. ಬಹಳಷ್ಟು ಅಡಿಬರಹಗಳಲ್ಲಿ ಒಂದೇ ಇಸವಿ ಇರುತ್ತದೆ, ಅದು ಈ ಮೂರರಲ್ಲಿ ಯಾವುದರದ್ದೆಂದು ಓದುಗನೇ ಊಹಿಸಿಕೊಳ್ಳಬೇಕಾಗುತ್ತದೆ.

ಮಂಗಳೂರಿನ ಉದಾಹರಣೆಯನ್ನೇ ನೋಡಬಹುದು. ರೊಸಾರಿಯೊ ಇಗರ್ಜಿಯ (ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಎನ್ನುತ್ತಾರೆ) ಮೂಲ 1568ಕ್ಕೆ ಹೋಗುತ್ತದೆ, ಮಿಲಾಗ್ರಿಸ್ ಇಗರ್ಜಿಯದು 1680ಕ್ಕೆ. ಆದರೆ 1784ರಲ್ಲಿ ಟಿಪ್ಪು ಸುಲ್ತಾನನ ಆದೇಶದಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಮಿಲಾಗ್ರಿಸ್ ಸೇರಿದಂತೆ ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾದವು. ಇಂದು ನಾವು ನೋಡುವ ಕಟ್ಟಡಗಳು ಆ ಮೇಲೆ ಎದ್ದವು. ರೊಸಾರಿಯೊದ ಈಗಿನ ಗುಮ್ಮಟದ ಕಟ್ಟಡವಂತೂ ಇಪ್ಪತ್ತನೆಯ ಶತಮಾನದ್ದು. ಹೀಗಿರುವಾಗ ಈ ಗುಮ್ಮಟದ ಚಿತ್ರದಡಿ ‘1568ರ ರೊಸಾರಿಯೊ ಚರ್ಚ್’ ಎಂದು ಬರೆದರೆ ಪೋರ್ಚುಗೀಸರು ಕಟ್ಟಿಸಿದ ಗೋಡೆಗಳನ್ನೇ ನೋಡುತ್ತಿದ್ದೇನೆಂದು ಓದುಗ ಭಾವಿಸುತ್ತಾನೆ. ಇದೇ ಊರಿಗೆ 1834ರಲ್ಲಿ ಬಂದ, ಸ್ವಿಟ್ಜರ್ಲೆಂಡ್ ಮೂಲದ ಬಾಸೆಲ್ ಮಿಷನ್ನಿನವರು ಕಟ್ಟಿಸಿದ ಪ್ರೊಟೆಸ್ಟಂಟ್ ಆರಾಧನಾಲಯಗಳ ಚಿತ್ರಗಳಿಗೂ ‘ಪೋರ್ಚುಗೀಸರ ಕಾಲದ ಚರ್ಚ್’ ಎಂಬ ಹಣೆಪಟ್ಟಿ ಅಂಟಿಸುವುದುಂಟು. ಕರಾವಳಿಯಲ್ಲಿ ಶಿಲುಬೆ ಕಂಡಲ್ಲೆಲ್ಲ ಪೋರ್ಚುಗೀಸರನ್ನು ನೆನೆಯುವ ಈ ಅಭ್ಯಾಸ ಯಾವಾಗ ಹೋಗುತ್ತದೋ!

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ವಿಷಯದಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ಆ ಜಾಗದಲ್ಲಿ 1843ರಲ್ಲೇ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಒಂದು ಚಿಕ್ಕ ಚರ್ಚು ಇತ್ತು. ಈಗಿನ ಎರಡು ಎತ್ತರದ ಗೋಪುರಗಳ ಗಾಥಿಕ್ ಶೈಲಿಯ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಹಾಗಾಗಿ ಅವಳಿ ಗೋಪುರಗಳು ಕಾಣುವ ಯಾವ ಚಿತ್ರವೂ 1910ರದ್ದಾಗಲೀ 1920ರದ್ದಾಗಲೀ ಆಗಿರಲು ಸಾಧ್ಯವೇ ಇಲ್ಲ. ಇದನ್ನು ಪತ್ತೆಹಚ್ಚಲು ಸಂಶೋಧಕರೇ ಬೇಕೆಂದಿಲ್ಲ, ಅಡಿಗಲ್ಲಿನ ದಿನಾಂಕ ಗೊತ್ತಿದ್ದರೆ ಸಾಕು.

ಕಟ್ಟಡದ ಕಥೆ ತಿಳಿದಿದ್ದರೆ ಇಸವಿ ನಮೂದಾಗದ ಚಿತ್ರದ ಕಾಲವನ್ನೂ ಸುಮಾರಾಗಿ ಗುರುತಿಸಬಹುದು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ 1923ರಲ್ಲಿ ಬೆಂಕಿಗೆ ತುತ್ತಾಗಿ 1927ರಲ್ಲಿ ಪುನರ್ನಿರ್ಮಾಣಗೊಂಡಿತು. ಅದರ ಚಿತ್ರ ಕೈಗೆ ಬಂದಾಗ ಅದು ಬೆಂಕಿಗೆ ಮುಂಚಿನದೋ ನಂತರದ್ದೋ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಒಳಗೋಡೆಗಳಲ್ಲಿ ಇಟಲಿಯ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೇನಿ ಚಿತ್ರ ಬರೆಯಲು ತೊಡಗಿದ್ದು 1899ರಲ್ಲಿ. ಆ ಗೋಡೆಗಳು ಬರಿದಾಗಿ ಕಾಣುವ ಚಿತ್ರ ಸಿಕ್ಕರೆ ಅದು ಅದಕ್ಕಿಂತ ಹಿಂದಿನದೆಂದು ಹೇಳಲು ಆಧಾರವಿದೆ. ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚಿಗೆ ಪೋಪರು ನೀಡುವ ವಿಶೇಷ ಗೌರವವಾದ ಬೆಸಿಲಿಕಾ ಪದವಿ ಸಿಕ್ಕಿದ್ದು 1970ರ ದಶಕದಲ್ಲಿ. ನೂರು ವರ್ಷದ ಹಿಂದಿನ ಚಿತ್ರದಡಿ ‘ಬೆಸಿಲಿಕಾ’ ಎಂದು ಬರೆಯುವವರು ‘ಈಗಿನ’ ಎಂಬ ಒಂದು ಪದ ಸೇರಿಸಿದರೆ ತಪ್ಪಿಲ್ಲ.

ಮೂಲಗಳ ವಿಷಯದಲ್ಲೂ ಎಚ್ಚರ ಬೇಕು. ಹಳೆಯ ಪೋಸ್ಟ್ ಕಾರ್ಡಿನ ಮೇಲಿನ ಅಂಚೆ ಮುದ್ರೆಯು ಅದನ್ನು ಡಬ್ಬಿಗೆ ಹಾಕಿದ ಕಾಲವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿ ಮಾರುತ್ತಿದ್ದರು. ಛಾಯಾಗ್ರಹಣದ ವಿಧಾನ ಜಗತ್ತಿಗೆ ತಿಳಿದದ್ದೇ 1839ರಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಇಸವಿ ಹೊತ್ತ ಚಿತ್ರವು ಕೈಯಿಂದ ಬರೆದದ್ದೋ ಕೊರೆದು ಅಚ್ಚೊತ್ತಿದ್ದೋ ಆಗಿರಬೇಕು, ಅದನ್ನು ‘ಫೋಟೊ’ ಎನ್ನಲಾಗದು. ಗಾಜಿನ ನೆಗೆಟಿವ್ ಮಗುಚಿ ಬಿದ್ದರೆ ಇಡೀ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗುತ್ತದೆ. ಗೋಪುರದ ಗಡಿಯಾರದ ಅಂಕಿಗಳನ್ನೋ ಗೋಡೆಯ ಫಲಕದ ಅಕ್ಷರಗಳನ್ನೋ ಮಸೂರ ಹಿಡಿದು ನೋಡಿದರೆ ಅದು ಬಯಲಾಗುತ್ತದೆ. ಇವೆರಡೂ ಇಲ್ಲದ ಚಿತ್ರವಾದರೆ, ಗಂಟೆಗೋಪುರ ಯಾವ ಪಕ್ಕದಲ್ಲಿದೆ ಎಂಬುದನ್ನು ಇಂದಿನ ಕಟ್ಟಡದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.

ಈಚಿನ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಬುಡದವರೆಗೂ ತೆರೆದುಕೊಳ್ಳುವುದರಿಂದ, ಅದರ ಚಿತ್ರಕ್ಕೆ ಇಸವಿಯ ಜೊತೆ ತಿಂಗಳೂ ಇರಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ಅಡಿಬರಹದಲ್ಲಿ ಇಸವಿ ಹಾಕಿದಾಗ ಅದು ಸ್ಥಾಪನೆಯದೋ ಕಟ್ಟಡದ್ದೋ ಚಿತ್ರದ್ದೋ ಎಂದು ಹೇಳಲಿ. ಚಿತ್ರ ಎಲ್ಲಿಂದ ದೊರೆಯಿತೆಂಬುದೂ ಇರಲಿ. ‘ಸಂಗ್ರಹ ಚಿತ್ರ’ ಎಂದಷ್ಟೇ ಬರೆದರೆ ಯಾರ ಸಂಗ್ರಹವೆಂದು ಪರಿಶೀಲಿಸಲು ಯಾರಿಗೂ ಆಗುವುದಿಲ್ಲ. ಇಸವಿ ಖಚಿತವಿಲ್ಲದಿದ್ದರೆ ‘ಸುಮಾರು’ ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿರುವ ಬಾಸೆಲ್ ಮಿಷನ್ ಪತ್ರಾಗಾರದವರು ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಚಿತ್ರಸಂಗ್ರಹದಲ್ಲಿ, ದಿನಾಂಕ ತಿಳಿಯದ ಕಡೆ ಇಂಥ ವರ್ಷದಿಂದ ಇಂಥ ವರ್ಷದೊಳಗೆ ಎಂದು ಕಾಲಾವಧಿಯನ್ನು ಕೊಟ್ಟಿದ್ದಾರೆ. ಅದನ್ನೇ ನಾವೂ ಅನುಸರಿಸಬಹುದು. ಚರ್ಚುಗಳ ದಫ್ತರಗಳಲ್ಲೂ ಗೋಡೆಗಳ ಶಿಲಾಫಲಕಗಳಲ್ಲೂ ಬೇಕಾದ ದಿನಾಂಕಗಳು ಸಾಮಾನ್ಯವಾಗಿ ಸಿಗುತ್ತವೆ, ಅಚ್ಚಿಗೆ ಮುನ್ನ ಒಂದು ದೂರವಾಣಿ ಕರೆ ಮಾಡುವ ವ್ಯವಧಾನ ಬೇಕಷ್ಟೆ.

ತಪ್ಪನ್ನು ಓದುಗರು ತೋರಿಸಿಕೊಟ್ಟಾಗ, ಮರುದಿನದ ಪತ್ರಿಕೆಯ ಮೂಲೆಯಲ್ಲಿ ತಿದ್ದುಪಡಿ ಹಾಕಿ ಸುಮ್ಮನಾಗದೆ, ಜಾಲತಾಣದಲ್ಲಿ ಉಳಿಯುವ ಪ್ರತಿಯ ಅಡಿಬರಹವನ್ನೂ ಸರಿಪಡಿಸಬೇಕೆಂದು ವಿನಂತಿಸುತ್ತೇನೆ. ಸ್ಮರಣ ಸಂಚಿಕೆಗಳನ್ನು ಸಿದ್ಧಪಡಿಸುವವರು ಚಿತ್ರವನ್ನೂ ಇಸವಿಯನ್ನೂ ಒಟ್ಟಿಗೆ ಎತ್ತಿಕೊಳ್ಳುವುದು ಆ ಪ್ರತಿಯಿಂದಲೇ.

ಇಂತಿ,
ಪತ್ರಿಕೆಯ ಓದುಗ